ಅಮೆರಿಕದ ಕಿರಿಯ ಕಾಲೇಜು: ಎರಡು ವರ್ಷದ ಪದವಿಯಿಂದ ವಿಶ್ವವಿದ್ಯಾನಿಲಯಕ್ಕೆ

ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದ ವಿದ್ಯಾರ್ಥಿಯು ತನ್ನ ಊರಿನ ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಓದಿ ಒಂದು ಪದವಿಯನ್ನು ಪಡೆಯುವುದು, ಅನಂತರ ಆ ಪದವಿಯ ಬಲದಿಂದ ದೊಡ್ಡ ವಿಶ್ವವಿದ್ಯಾನಿಲಯವೊಂದರ ಮೂರನೆಯ ವರ್ಷದ ತರಗತಿಗೆ ಸೇರುವುದು—ಇದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಶತಮಾನಕ್ಕೂ ಮೇಲ್ಪಟ್ಟು ನಡೆದುಬಂದಿರುವ ಪದ್ಧತಿ. ಈ ಎರಡು ವರ್ಷದ ಸಂಸ್ಥೆಗೆ ಮೊದಲು ಜೂನಿಯರ್ ಕಾಲೇಜು, ಎಂದರೆ ಕಿರಿಯ ಕಾಲೇಜು, ಎಂದು ಹೆಸರಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ ಕಮ್ಯೂನಿಟಿ ಕಾಲೇಜು ಎಂಬ ಹೆಸರು ಬಳಕೆಗೆ ಬಂದಿತು. ಅಲ್ಲಿ ದೊರೆಯುವ ಪದವಿಯನ್ನು ಅಸೋಸಿಯೇಟ್ ಪದವಿ ಎನ್ನುತ್ತಾರೆ. ನಮ್ಮ ದೇಶದ ಹಳೆಯ ಇಂಟರ್‌ಮೀಡಿಯೆಟ್ ತರಗತಿಗಳನ್ನು ಬಲ್ಲವರಿಗೆ ಇದೆಲ್ಲವೂ ಪರಿಚಿತವಾದ ವಿಷಯವೆಂದೇ ತೋರಬಹುದು. ಹೋಲಿಕೆಯೇನೋ ನಿಜವಾದುದೇ, ಆದರೆ ಅದು ಅರ್ಧ ದಾರಿಯವರೆಗೆ ಮಾತ್ರ ನಮ್ಮೊಡನೆ ಬರುತ್ತದೆ. ಮುಂದಿನ ಅರ್ಧ ದಾರಿಯಲ್ಲಿಯೇ ಈ ಇತಿಹಾಸದ ಸ್ವಾರಸ್ಯವೂ ಸಂಕಟವೂ ಇರುವುದು.

ಕಿರಿಯ ಕಾಲೇಜನ್ನು ಮೊದಲು ಕಲ್ಪಿಸಿದವರು ವಿಶ್ವವಿದ್ಯಾನಿಲಯಗಳ ಅಧ್ಯಕ್ಷರು. ಎಳೆಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಹೊರೆಯನ್ನು ತಮ್ಮ ಹೆಗಲಿನಿಂದ ಇಳಿಸಿಕೊಳ್ಳಬೇಕೆಂಬುದು ಅವರ ಇಚ್ಛೆ. ಆ ಕಾಲೇಜಿಗೆ ಬಂದು ಸೇರಿದವರಾದರೋ ಊರು ಬಿಟ್ಟು ಹೋಗಲು ಹಣವಿಲ್ಲದ ಮನೆಗಳ ಮಕ್ಕಳು. ಹೇಗಾದರೂ ಆ ವಿಶ್ವವಿದ್ಯಾನಿಲಯವನ್ನೇ ಮುಟ್ಟಬೇಕೆಂಬುದು ಅವರ ಇಚ್ಛೆ. ಒಬ್ಬರು ಗೋಡೆಯೆಂದು ಕಟ್ಟಿದುದನ್ನು ಮತ್ತೊಬ್ಬರು ಬಾಗಿಲೆಂದು ತಿಳಿದು ತಟ್ಟಿದರು ಎನ್ನಬಹುದು. ಎರಡನೆಯ ವರ್ಷಕ್ಕೂ ಮೂರನೆಯ ವರ್ಷಕ್ಕೂ ನಡುವೆ ಅಂದು ಹುಟ್ಟಿದ ತೊಡಕು ಇಂದಿಗೂ ಪೂರ್ತಿಯಾಗಿ ಬಿಡಿಸಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರವಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತೇವೆ.

ಮೊದಲು ಹೆಸರಿನ ಬಗೆಗೆ ಒಂದು ಮಾತು. ಅಮೆರಿಕದ ಕಾಲೇಜುಗಳಲ್ಲಿ ಪದವಿಯ ನಾಲ್ಕು ವರ್ಷಗಳ ವಿದ್ಯಾರ್ಥಿಗಳಿಗೆ ಫ್ರೆಷ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್ ಎಂದು ಅನುಕ್ರಮವಾಗಿ ಹೆಸರು. ಆದುದರಿಂದ ಜೂನಿಯರ್ ಕಾಲೇಜಿನಲ್ಲಿ ಓದುವವನು ಜೂನಿಯರ್ ಅಲ್ಲ. ಆ ಕಾಲೇಜನ್ನು ಬಿಟ್ಟು ವಿಶ್ವವಿದ್ಯಾನಿಲಯವನ್ನು ಸೇರಿದ ದಿನವೇ ಅವನು ಜೂನಿಯರ್ ಆಗುವನು! ಈ ವಿಚಿತ್ರವು ಕೇವಲ ಶಬ್ದದ್ದಲ್ಲವೆಂಬುದು ಮುಂದೆ ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ವಿದ್ವಾಂಸರ ಕಣ್ಣಿಗೆ ಆದರ್ಶವಾಗಿ ನಿಂತಿದ್ದುದು ಜರ್ಮನಿಯ ವಿದ್ಯಾವ್ಯವಸ್ಥೆ. ಅಲ್ಲಿ ಗಿಮ್ನಾಸಿಯಂ ಎಂಬ ಪ್ರೌಢಶಾಲೆಯು ವಿದ್ಯಾರ್ಥಿಗೆ ಭಾಷೆ, ಗಣಿತ, ಇತಿಹಾಸಗಳಲ್ಲಿ ಭದ್ರವಾದ ತಳಹದಿಯನ್ನು ಹಾಕಿ ಕಳುಹಿಸುತ್ತಿದ್ದಿತು. ವಿಶ್ವವಿದ್ಯಾನಿಲಯವು ಸಂಶೋಧನೆಗೂ ಉಚ್ಚ ಅಧ್ಯಯನಕ್ಕೂ ಮೀಸಲಾಗಿದ್ದಿತು. ಅಮೆರಿಕದ ಕಾಲೇಜಾದರೋ ಮೊದಲ ಎರಡು ವರ್ಷಗಳಲ್ಲಿ ಶಾಲೆಯ ಕೆಲಸವನ್ನೇ ಮಾಡುತ್ತಿದ್ದಿತು. ೧೮೫೨ರಿಂದ ೧೮೬೩ರವರೆಗೆ ಮಿಷಿಗನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಹೆನ್ರಿ ಟ್ಯಾಪನ್ ಅವರು ಈ ಕೆಳಗಿನ ಕೆಲಸವು ಪ್ರೌಢಶಾಲೆಗಳಿಗೆ ಸಲ್ಲತಕ್ಕದ್ದೆಂದು ವಾದಿಸಿದರು. ೧೮೬೯ರಲ್ಲಿ ಮಿನಿಸೋಟ ವಿಶ್ವವಿದ್ಯಾನಿಲಯದ ಅಧ್ಯಕ್ಷಪದವಿಯನ್ನು ವಹಿಸಿಕೊಂಡ ವಿಲಿಯಂ ಫಾಲ್ವೆಲ್ ಅವರದೂ ಇದೇ ಮತ. ಇವರಿಬ್ಬರ ಯೋಜನೆಗಳೂ ಅವರ ಕಾಲದಲ್ಲಿ ಫಲಿಸಲಿಲ್ಲ.

ಯೋಜನೆಗೆ ಮೈಬಂದುದು ಷಿಕಾಗೋ ನಗರದಲ್ಲಿ. ರಾಕ್‌ಫೆಲರ್ ಅವರ ದಾನದಿಂದ ಹುಟ್ಟಿ ೧೮೯೨ರಲ್ಲಿ ಪಾಠಗಳನ್ನು ಆರಂಭಿಸಿದ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ವಿಲಿಯಂ ರೇನಿ ಹಾರ್ಪರ್ ಅವರು ಮೊದಲ ಅಧ್ಯಕ್ಷರು. ಹದಿನಾಲ್ಕನೆಯ ವಯಸ್ಸಿಗೇ ಕಾಲೇಜಿನ ಪದವೀಧರರಾಗಿ, ಇಪ್ಪತ್ತು ತುಂಬುವ ಮೊದಲೇ ಯೇಲ್‌ನಲ್ಲಿ ಡಾಕ್ಟರೇಟ್ ಪಡೆದ ಈ ಹೀಬ್ರೂ ವಿದ್ವಾಂಸರಿಗೆ ಕಾಲೇಜಿನ ನಾಲ್ಕು ವರ್ಷಗಳು ಅಖಂಡವೂ ಪವಿತ್ರವೂ ಆದವು ಎಂಬ ಭಾವನೆ ಇರಲಿಲ್ಲವೆಂಬುದು ಆಶ್ಚರ್ಯವಲ್ಲ. ಅವರು ಆ ನಾಲ್ಕು ವರ್ಷಗಳನ್ನು ಎರಡಾಗಿ ಸೀಳಿದರು. ಮೊದಲ ಎರಡು ವರ್ಷಗಳ ವಿಭಾಗಕ್ಕೆ ೧೮೯೬ರಲ್ಲಿ ಜೂನಿಯರ್ ಕಾಲೇಜು ಎಂದೂ ಉಳಿದೆರಡಕ್ಕೆ ಸೀನಿಯರ್ ಕಾಲೇಜು ಎಂದೂ ಹೆಸರಾಯಿತು. ಮೊದಲ ಭಾಗವನ್ನು ಮುಗಿಸಿದವರಿಗೆ ೧೯೦೦ರಿಂದ ಅಸೋಸಿಯೇಟ್ ಎಂಬ ಪದವಿಯನ್ನು ಕೊಡುವ ಪದ್ಧತಿಯೂ ಬಂದಿತು.

ಈ ಪದವಿಯನ್ನು ಹಾರ್ಪರ್ ಅವರು ಏತಕ್ಕಾಗಿ ಕಲ್ಪಿಸಿದರು? ಅವರು ಕೊಟ್ಟ ಕಾರಣಗಳು ಮನಸ್ಸಿನಲ್ಲಿಟ್ಟುಕೊಳ್ಳತಕ್ಕವು. ಎರಡು ವರ್ಷ ಓದಿದ ಮೇಲೆ ಮುಂದುವರಿಯಲು ಮನಸ್ಸಾಗಲಿ ಸಾಮರ್ಥ್ಯವಾಗಲಿ ಇಲ್ಲದವನು ಅವಮಾನವಿಲ್ಲದೆ ನಿಲ್ಲಿಸಬಹುದು. ನಾಲ್ಕು ವರ್ಷಕ್ಕೆ ಧೈರ್ಯ ಸಾಲದವನು ಎರಡು ವರ್ಷಕ್ಕಾದರೂ ಸೇರುವನು. ವೈದ್ಯ, ನ್ಯಾಯ ಮುಂತಾದ ವೃತ್ತಿಶಾಲೆಗಳು ಎರಡು ವರ್ಷದ ಕಾಲೇಜು ವ್ಯಾಸಂಗವನ್ನು ಪ್ರವೇಶದ ನಿಯಮವನ್ನಾಗಿ ಮಾಡಬಹುದು. ಅನೇಕ ಶಾಲೆಗಳು ಈ ಎರಡು ವರ್ಷದ ಪಾಠವನ್ನು ತಾವೇ ಹೇಳಬಹುದು. ಇವುಗಳಲ್ಲಿ ಮೊದಲನೆಯದು ನಿಲ್ಲಿಸುವುದಕ್ಕೆ, ಎರಡನೆಯದು ಆರಂಭಿಸುವುದಕ್ಕೆ. ನಿಲ್ಲುವವನಿಗೂ ಹೊರಡುವವನಿಗೂ ಒಂದೇ ಕಾಗದ. ಕಿರಿಯ ಕಾಲೇಜಿನ ಸಮಸ್ತ ಇತಿಹಾಸವೂ ಈ ಇಬ್ಬಗೆಯ ಕಾಗದದಲ್ಲಿ ಬೀಜರೂಪವಾಗಿ ಅಡಗಿದೆಯೆಂದರೆ ತಪ್ಪಾಗಲಾರದು. ಹಾರ್ಪರ್ ಅವರು ೧೯೦೦ರಲ್ಲಿ ಸಣ್ಣ ಕಾಲೇಜುಗಳ ಭವಿಷ್ಯವನ್ನು ಕುರಿತು ಮಾಡಿದ ಭಾಷಣದಲ್ಲಿ, ಧನಬಲವಿಲ್ಲದ ನಾಲ್ಕು ವರ್ಷದ ಕಾಲೇಜುಗಳು ತಮ್ಮ ಮೇಲಿನ ತರಗತಿಗಳನ್ನು ಬಿಟ್ಟು ಕಿರಿಯ ಕಾಲೇಜುಗಳಾಗುವುದೇ ಲೇಸೆಂದು ಸೂಚಿಸಿದರು. ಆ ಕಾಲೇಜುಗಳ ಮುಖ್ಯಸ್ಥರಿಗೆ ಈ ಹಿತವಚನ ರುಚಿಸಿರಲಾರದು.

ಷಿಕಾಗೋವಿನ ನೈರುತ್ಯಕ್ಕೆ ಸುಮಾರು ನಲವತ್ತು ಮೈಲಿ ದೂರದಲ್ಲಿ ಜೋಲಿಯೆಟ್ ಎಂಬ ಪಟ್ಟಣವಿದೆ. ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥರಾದ ಜೆ. ಸ್ಟ್ಯಾನ್ಲಿ ಬ್ರೌನ್ ಅವರು ಹಾರ್ಪರ್ ಅವರ ಸ್ನೇಹಿತರು. ೧೯೦೧ರಲ್ಲಿ ಆ ಪ್ರೌಢಶಾಲೆಯ ಕಟ್ಟಡದಲ್ಲಿಯೇ, ಅಲ್ಲಿನ ಓದನ್ನು ಮುಗಿಸಿದ ಆರು ಮಂದಿ ವಿದ್ಯಾರ್ಥಿಗಳಿಗೆ ಕಾಲೇಜಿನ ಮೊದಲ ಎರಡು ವರ್ಷಗಳ ಪಾಠವನ್ನು ಹೇಳಲು ಆರಂಭಿಸಿದರು. ಬೇರೆ ಕಟ್ಟಡವಿಲ್ಲ, ಬೇರೆ ಹೆಸರೂ ಇಲ್ಲ. ಪ್ರೌಢಶಾಲೆಯ ಮುಂದಿನ ತರಗತಿಯೆಂದಷ್ಟೇ ಕರೆಯುತ್ತಿದ್ದರು. ೧೯೦೨ರ ಕೊನೆಯಲ್ಲಿ ಶಾಲೆಯ ಆಡಳಿತ ಮಂಡಲಿಯು ಈ ಪಾಠಗಳಿಗೆ ಸಮ್ಮತಿಯನ್ನಿತ್ತು ಶುಲ್ಕವಿಲ್ಲದೆ ಅವನ್ನು ನಡೆಸಲು ತೀರ್ಮಾನಿಸಿತು. ಸಾರ್ವಜನಿಕ ಧನದಿಂದ ನಡೆಯುತ್ತ ಇಂದಿಗೂ ಉಳಿದಿರುವ ಕಿರಿಯ ಕಾಲೇಜುಗಳಲ್ಲಿ ಜೋಲಿಯೆಟ್ಟೇ ಅತ್ಯಂತ ಹಳೆಯದು.

ಆರು ಮಂದಿಯ ಈ ತರಗತಿಗೆ ಬೆಲೆ ಬಂದುದು ಹೇಗೆ ಎಂಬುದು ವಿಚಾರಾರ್ಹ. ಪಾಠ ಹೇಳಿದವರು ಪ್ರೌಢಶಾಲೆಯ ಉಪಾಧ್ಯಾಯರು. ಪರೀಕ್ಷೆ ಮಾಡಿದವರೂ ಅವರೇ. ಹೀಗಿರಲು ಇದು ಕಾಲೇಜಿನ ವ್ಯಾಸಂಗವೆಂದು ಒಪ್ಪುವವರು ಯಾರು? ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಿಗೂ ಜೋಲಿಯೆಟ್ಟಿನ ಮುಖ್ಯೋಪಾಧ್ಯಾಯರಿಗೂ ಇದ್ದ ಪರಸ್ಪರ ವಿಶ್ವಾಸವಿಲ್ಲದಿದ್ದರೆ ಆ ಎರಡು ವರ್ಷಗಳಿಗೆ ಬೆಲೆ ಬರುವುದು ಕಷ್ಟವಾಗುತ್ತಿದ್ದಿತೆಂದು ನಾವು ಊಹಿಸುತ್ತೇವೆ. ಪರಿಚಯದಿಂದ ದೊರೆತ ಮಾನ್ಯತೆಯು ಪರಿಚಯವಿಲ್ಲದ ಸ್ಥಳದಲ್ಲಿ ನಡೆಯದು. ಕಾಲೇಜುಗಳು ನೂರಾರು ಆದಾಗ ಈ ಪ್ರಶ್ನೆಯೂ ನೂರು ಪಟ್ಟು ಬೆಳೆಯಿತು.

ಇಲ್ಲಿ ನಮ್ಮ ದೇಶದ ಕಡೆಗೆ ಒಮ್ಮೆ ತಿರುಗಿ ನೋಡುವುದು ಪ್ರಯೋಜನಕರ. ೧೮೫೭ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಮೊದಲನೆಯ ದರ್ಜೆ, ಎರಡನೆಯ ದರ್ಜೆ ಎಂಬ ಭೇದವಿದ್ದಿತು. ಬಿ.ಎ. ವರೆಗೆ ಪಾಠ ಹೇಳುವುದು ಮೊದಲನೆಯ ದರ್ಜೆ, ಎಫ್.ಎ. ಎಂಬ ಎರಡು ವರ್ಷದ ಪರೀಕ್ಷೆಯವರೆಗೆ ಮಾತ್ರ ಹೇಳುವುದು ಎರಡನೆಯ ದರ್ಜೆ. ಮಂಗಳೂರಿನ ಸರ್ಕಾರಿ ಕಾಲೇಜು ದೀರ್ಘಕಾಲ ಎರಡನೆಯ ದರ್ಜೆಯದಾಗಿದ್ದಿತು. ಎಫ್.ಎ. ಹೋಗಿ ಇಂಟರ್‌ಮೀಡಿಯೆಟ್ ಬಂದ ಮೇಲೆಯೂ ವ್ಯವಸ್ಥೆಯ ಸ್ವರೂಪ ಬದಲಾಗಲಿಲ್ಲ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ತರುವಾಯ ನಮ್ಮ ಸೀಮೆಯಲ್ಲಿಯೂ ಇಂಟರ್‌ಮೀಡಿಯೆಟ್ ಕಾಲೇಜುಗಳು ಏರ್ಪಟ್ಟವು. ಮೈಸೂರಿನ ಯುವರಾಜ ಕಾಲೇಜು ೧೯೨೮ರಲ್ಲಿ ಆರಂಭವಾದುದು ಇಂಟರ್‌ಮೀಡಿಯೆಟ್ ಕಾಲೇಜಾಗಿಯೇ. ಅಮೆರಿಕದವರು ಕಿರಿಯ ಕಾಲೇಜನ್ನು ಕುರಿತು ಚರ್ಚಿಸುತ್ತಿದ್ದ ಕಾಲದಲ್ಲಿಯೇ ಮೈಕೆಲ್ ಸ್ಯಾಡ್ಲರ್ ಅವರ ಅಧ್ಯಕ್ಷತೆಯ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗವು, ಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವಣ ಗೆರೆಯನ್ನು ಮೆಟ್ರಿಕ್ಯುಲೇಷನ್ ಬಳಿಯಲ್ಲಲ್ಲ, ಇಂಟರ್‌ಮೀಡಿಯೆಟ್ ಬಳಿಯಲ್ಲಿ ಎಳೆಯಬೇಕೆಂದು ೧೯೧೯ರಲ್ಲಿ ವರದಿಮಾಡಿತು. ಟ್ಯಾಪನ್ ಅವರ ವಾದವೂ ಸ್ಯಾಡ್ಲರ್ ಅವರ ವಾದವೂ ಬಹುಮಟ್ಟಿಗೆ ಒಂದೇ.

ಆದರೆ ಒಂದು ಭೇದವುಂಟು, ಅದು ಮೂಲಭೂತವಾದುದು. ಮಂಗಳೂರಿನಲ್ಲಿ ಎರಡು ವರ್ಷ ಓದಿದವನು ಬರೆಯುತ್ತಿದ್ದ ಪರೀಕ್ಷೆಯು ಮದರಾಸು ವಿಶ್ವವಿದ್ಯಾನಿಲಯದ್ದು. ತೇರ್ಗಡೆಯಾದ ಮೇಲೆ ಅವನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರೆ, ನೀನು ಎಲ್ಲಿ ಓದಿದೆ, ಯಾರು ಪಾಠ ಹೇಳಿದರು ಎಂದು ಯಾರೂ ಅವನ ಯೋಗ್ಯತೆಯನ್ನು ಹೊಸದಾಗಿ ತೂಗುತ್ತಿರಲಿಲ್ಲ. ಒಂದೇ ಟಂಕಸಾಲೆಯ ನಾಣ್ಯ ಸೀಮೆಯಲ್ಲೆಲ್ಲ ನಡೆಯುವಂತೆ ಆ ಪರೀಕ್ಷೆ ನಡೆಯುತ್ತಿದ್ದಿತು. ಈ ಏಕರೂಪದ ಪರೀಕ್ಷೆಯು ಉರುಹೊಡೆಯುವ ವಿದ್ಯೆಯನ್ನು ಬೆಳೆಸಿತು, ಅಸಂಖ್ಯಾತ ಬಾಲಕರನ್ನು ನಪಾಸು ಮಾಡಿ ಮನೆಗೆ ಕಳುಹಿಸಿತು—ಈ ದೋಷಗಳು ಸರ್ವವಿದಿತ. ಆದರೆ ತೇರ್ಗಡೆಯಾದವನಿಗೆ ದಾಟುವ ಕಷ್ಟವಿರಲಿಲ್ಲ. ಅಮೆರಿಕದಲ್ಲಿಯಾದರೋ ಪ್ರತಿ ಕಾಲೇಜೂ ತನ್ನ ನಾಣ್ಯವನ್ನು ತಾನೇ ಅಚ್ಚುಹಾಕುವುದು. ವಾರಕ್ಕೆ ಒಂದು ಗಂಟೆಯಂತೆ ಅರ್ಧ ವರ್ಷ ಓದಿದುದಕ್ಕೆ ಒಂದು ಕ್ರೆಡಿಟ್ ಎಂದು ಸ್ಥೂಲವಾಗಿ ಲೆಕ್ಕ. ಪದವಿಗೆ ಸುಮಾರು ೧೨೦ ಕ್ರೆಡಿಟ್ ಬೇಕು. ಕಿರಿಯ ಕಾಲೇಜಿನಲ್ಲಿ ೬೦ ದೊರೆಯುತ್ತವೆ. ಅವುಗಳಲ್ಲಿ ಎಷ್ಟನ್ನು ಒಪ್ಪುವುದು, ಎಷ್ಟನ್ನು ತಳ್ಳುವುದು ಎಂಬುದು ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯದ ಇಚ್ಛೆ. ನಮ್ಮ ವಿದ್ಯಾರ್ಥಿಯ ಭಯವೆಲ್ಲ ಪರೀಕ್ಷೆಗೆ ಮುಂಚೆ; ಅಮೆರಿಕದ ಕಿರಿಯ ಕಾಲೇಜಿನವನ ಭಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ.

ಈ ಪದ್ಧತಿಯು ವಿಶಾಲವಾಗಿ ಬೆಳೆದುದು ಪಶ್ಚಿಮ ತೀರದ ಕ್ಯಾಲಿಫೋರ್ನಿಯದಲ್ಲಿ. ಬರ್ಕ್ಲಿಯ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಲೆಕ್ಸಿಸ್ ಲ್ಯಾಂಗ್ ಅವರು ಟ್ಯಾಪನ್ನರ ಮಿಷಿಗನ್ನಿನಲ್ಲಿಯೇ ಓದಿದವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಡೇವಿಡ್ ಸ್ಟಾರ್ ಜೋರ್ಡನ್ ಅವರು ೧೯೦೭ರಲ್ಲಿ ತಮ್ಮ ಸಂಸ್ಥೆಯ ಮೊದಲ ಎರಡು ವರ್ಷಗಳನ್ನು ತೆಗೆದುಹಾಕಬೇಕೆಂದು ಧರ್ಮದರ್ಶಿಗಳಿಗೆ ಸೂಚಿಸಿದರು, ಅವರು ಒಪ್ಪಲಿಲ್ಲ. ಅದೇ ವರ್ಷ ಆ ರಾಜ್ಯದ ಶಾಸನಸಭೆಯು, ಆಂಥೊನಿ ಕ್ಯಾಮಿನೆಟ್ಟಿ ಎಂಬ ಸದಸ್ಯರು ತಂದ ಮಸೂದೆಯಂತೆ, ಪ್ರೌಢಶಾಲೆಗಳು ಕಾಲೇಜಿನ ಮೊದಲ ಎರಡು ವರ್ಷಗಳ ಪಾಠವನ್ನು ಹೇಳಬಹುದೆಂದು ಕಾಯಿದೆ ಮಾಡಿತು. ಅಪ್ಪಣೆಯೇನೋ ದೊರೆಯಿತು, ಹಣ ಮಾತ್ರ ದೊರೆಯಲಿಲ್ಲ. ಹೀಗಾಗಿ ಮೂರು ವರ್ಷ ಯಾವ ಶಾಲೆಯೂ ಮುಂದೆ ಬರಲಿಲ್ಲ.

ಮುಂದೆ ಬಂದುದು ೧೯೧೦ರಲ್ಲಿ, ಫ್ರೆಸ್ನೋ ಪಟ್ಟಣ. ದ್ರಾಕ್ಷಿ ಬೆಳೆದು ಒಣಗಿಸಿ ಮಾರುವ ಬಯಲುಸೀಮೆಯ ಊರು ಅದು. ಅಲ್ಲಿನ ಶಾಲಾಧಿಕಾರಿಯಾದ ಮೆಕ್ಲೇನ್ ಅವರು ಮಂಡಲಿಯ ಮುಂದಿಟ್ಟ ವಾದದಲ್ಲಿ ಜರ್ಮನಿಯ ಮಾತಿಲ್ಲ, ಸಂಶೋಧನೆಯ ಮಾತಿಲ್ಲ. ಊರಿನಿಂದ ಸುಮಾರು ಇನ್ನೂರು ಮೈಲಿಗಳೊಳಗೆ ನಮ್ಮ ಮಕ್ಕಳು ಮುಂದೆ ಓದಲು ಒಂದು ಸಂಸ್ಥೆಯೂ ಇಲ್ಲ ಎಂಬುದೇ ಅವರ ವಾದದ ಸಾರ. ವಿಶ್ವವಿದ್ಯಾನಿಲಯದ ಅಧ್ಯಕ್ಷರ ಕಿರಿಯ ಕಾಲೇಜಿಗೂ ಊರಿನವರ ಕಿರಿಯ ಕಾಲೇಜಿಗೂ ಇದ್ದ ಅಂತರವನ್ನು ಈ ಒಂದು ವಾಕ್ಯದಲ್ಲಿ ಕಾಣಬಹುದು. ಫ್ರೆಸ್ನೋದ ತಂದೆತಾಯಿಗಳಿಗೆ ಬೇಕಾಗಿದ್ದುದು ವಿಶ್ವವಿದ್ಯಾನಿಲಯಕ್ಕೆ ಬದಲಾದ ಒಂದು ಸಂಸ್ಥೆಯಲ್ಲ. ಖರ್ಚಿನ ನಾಲ್ಕು ವರ್ಷಗಳಲ್ಲಿ ಎರಡನ್ನಾದರೂ ಮಕ್ಕಳು ಮನೆಯ ಊಟ ಮಾಡಿ ಕಳೆಯಲಿ ಎಂಬ ಅನುಕೂಲ. ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲಿ ದೂರದ ಊರಿಗೆ ಕಳುಹಿಸಲು ಹಿಂಜರಿಯುವ ಮನೆಗಳು ಅಲ್ಲಿಯೂ ಇದ್ದವು.

೧೯೧೭ರ ಕಾಯಿದೆಯಿಂದ ಇಂಥ ತರಗತಿಗಳಿಗೆ ರಾಜ್ಯದ ಧನಸಹಾಯ ದೊರೆಯಿತು; ೧೯೨೧ರ ಕಾಯಿದೆಯಿಂದ ಪ್ರೌಢಶಾಲೆಯಿಂದ ಬೇರೆಯಾದ ಕಿರಿಯ ಕಾಲೇಜು ಜಿಲ್ಲೆಗಳನ್ನೇ ರಚಿಸಲು ಸಾಧ್ಯವಾಯಿತು. ದೇಶದಲ್ಲಿ ೧೯೨೨ರ ವೇಳೆಗೆ ೨೦೭ ಕಿರಿಯ ಕಾಲೇಜುಗಳಿದ್ದವು. ಅವುಗಳಲ್ಲಿ ೧೩೭ ಖಾಸಗಿಯವು. ೧೯೩೦ರ ವೇಳೆಗೆ ಸಂಖ್ಯೆ ಸುಮಾರು ೪೫೦ಕ್ಕೆ ಏರಿ, ವಿದ್ಯಾರ್ಥಿಗಳು ಸುಮಾರು ೭೦,೦೦೦ ಆದರು.

ಈ ನಡುವೆ ಒಂದು ವಿಚಿತ್ರ ನಡೆಯಿತು. ಕಿರಿಯ ಕಾಲೇಜುಗಳು ಬೆಳೆದಂತೆಲ್ಲ ವಿಶ್ವವಿದ್ಯಾನಿಲಯಗಳು ತಮ್ಮ ಮೊದಲ ಎರಡು ವರ್ಷಗಳನ್ನು ಬಿಟ್ಟುಕೊಡಬೇಕಾಗಿದ್ದಿತು. ಮೂಲ ಕಲ್ಪನೆಯೇ ಅದು. ಆದರೆ ಯಾವುದೂ ಬಿಡಲಿಲ್ಲ. ೧೯೨೫ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಗುಡ್‌ನೋ ಅವರು ಇಂಥ ಯೋಜನೆಯೊಂದನ್ನು ತಂದರು, ಅದೂ ನಿಷ್ಫಲವಾಯಿತು. ಮೊದಲ ವರ್ಷಗಳ ದೊಡ್ಡ ತರಗತಿಗಳಿಂದ ಬರುವ ಶುಲ್ಕ, ಹಳೆಯ ವಿದ್ಯಾರ್ಥಿಗಳ ಅಭಿಮಾನ, ಫುಟ್‌ಬಾಲ್ ಪಂದ್ಯಗಳ ಉತ್ಸಾಹ—ಇವನ್ನು ತೊರೆಯಲು ಯಾವ ಮಂಡಲಿಗೆ ಮನಸ್ಸು ಬಂದೀತು? ಇದರ ಪರಿಣಾಮವಾಗಿ ಕಿರಿಯ ಕಾಲೇಜಿನಿಂದ ಬಂದವನು ಮೂರನೆಯ ವರ್ಷಕ್ಕೆ ಕಾಲಿಟ್ಟಾಗ, ಎರಡು ವರ್ಷದಿಂದ ಅಲ್ಲಿಯೇ ಕುಳಿತು, ಅಲ್ಲಿನ ಅಧ್ಯಾಪಕರನ್ನೂ ಗ್ರಂಥಾಲಯವನ್ನೂ ಬಲ್ಲ ಸಹಪಾಠಿಗಳ ನಡುವೆ ಹೊಸಬನಾಗಿ ನಿಲ್ಲಬೇಕಾಯಿತು. ಎಲ್ಲರೂ ಮೂರನೆಯ ವರ್ಷಕ್ಕೇ ಬಂದಿದ್ದರೆ ಯಾರೂ ಹೊಸಬರಾಗುತ್ತಿರಲಿಲ್ಲ. ಹಾರ್ಪರ್ ಅವರ ಯೋಜನೆ ಅರ್ಧ ಮಾತ್ರ ಕೈಗೂಡಿದುದರ ಬೆಲೆಯನ್ನು ತೆತ್ತವನು ಈ ವಿದ್ಯಾರ್ಥಿ.

ಮಾನ್ಯತೆಯ ಸಮಸ್ಯೆಗೆ ಪರಿಹಾರಗಳು ಇರಲಿಲ್ಲವೆಂದಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯವು ೧೮೭೧ರಿಂದಲೇ ಪ್ರೌಢಶಾಲೆಗಳನ್ನು ಪರಿಶೀಲಿಸಿ, ಒಪ್ಪಿಗೆಯಾದ ಶಾಲೆಗಳ ಮಕ್ಕಳನ್ನು ಪ್ರವೇಶ ಪರೀಕ್ಷೆಯಿಲ್ಲದೆ ಸೇರಿಸಿಕೊಳ್ಳುತ್ತಿದ್ದಿತು. ಈ ಕ್ರಮವೇ ಕಿರಿಯ ಕಾಲೇಜುಗಳಿಗೂ ವಿಸ್ತರಿಸಿತು. ಬರ್ಕ್ಲಿಯಲ್ಲಿ ಎರಡು ವರ್ಷ ಮುಗಿಸಿದವರಿಗೆ ಜೂನಿಯರ್ ಸರ್ಟಿಫಿಕೇಟ್ ಎಂಬ ಪತ್ರವನ್ನು ೧೯೦೭ರಿಂದ ಕೊಡಲಾರಂಭಿಸಿದರು. ಇದರಿಂದ ಎರಡನೆಯ ವರ್ಷದ ಕೊನೆಯಲ್ಲಿ ಒಂದು ಗೆರೆ ಬಿದ್ದು, ಹೊರಗಿನ ಕಾಲೇಜು ಯಾವ ಮಟ್ಟಕ್ಕೆ ಕಲಿಸಬೇಕೆಂಬುದು ಸ್ಪಷ್ಟವಾಯಿತು. ಆದರೆ ಪರಿಶೀಲಿಸುವವನು ವಿಶ್ವವಿದ್ಯಾನಿಲಯದವನಾದುದರಿಂದ, ಪಾಠಕ್ರಮವೆಲ್ಲ ಅದರದರ ನಕಲಾಗಬೇಕಾಯಿತು. ಊರಿನ ಕಾಲೇಜು ಊರಿಗೆ ಬೇಕಾದುದನ್ನು ಕಲಿಸಿದರೆ ಅದಕ್ಕೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇರುವುದನ್ನು ಕಲಿಸಿದರೆ ದಾಟದೆ ಉಳಿದ ಬಹುಮಂದಿಗೆ ಅದರಿಂದ ಜೀವನೋಪಾಯವಿಲ್ಲ. ಲ್ಯಾಂಗ್ ಅವರೇ ತಮ್ಮ ಕೊನೆಯ ವರ್ಷಗಳಲ್ಲಿ, ಕಿರಿಯ ಕಾಲೇಜು ಮುಖ್ಯವಾಗಿ ಅಲ್ಲಿಗೇ ಓದು ಮುಗಿಸುವವರಿಗಾಗಿ ಇರಬೇಕೆಂದು ಸಾರಿದರು. ೧೯೩೦ರ ದಶಕದಲ್ಲಿ ವಾಲ್ಟರ್ ಈಲ್ಸ್ ಮುಂತಾದವರು ಈ ವಾದವನ್ನು ಬಲವಾಗಿ ಎತ್ತಿಹಿಡಿದು, ಎರಡು ವರ್ಷಕ್ಕೆ ಕೊನೆಗೊಳ್ಳುವ ವೃತ್ತಿಶಿಕ್ಷಣವನ್ನು ಬೆಳೆಸಲು ಯತ್ನಿಸಿದರು. ವಿದ್ಯಾರ್ಥಿಗಳು ಮಾತ್ರ ಹಿಂಡುಹಿಂಡಾಗಿ ದಾಟುವ ಪಾಠಗಳಿಗೇ ಹೆಸರು ಬರೆಸುತ್ತಿದ್ದರು. ಅವರ ಹಿತವನ್ನು ಅವರಿಗಿಂತ ಚೆನ್ನಾಗಿ ತಾವು ಬಲ್ಲೆವೆಂಬ ತಜ್ಞರ ಧೋರಣೆಯು ಆ ಕಾಲದ ಬರವಣಿಗೆಯಲ್ಲಿ ಎದ್ದುಕಾಣುತ್ತದೆ.

ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ ೧೯೪೪ರ ಕಾಯಿದೆಯು ಕಾಲೇಜಿನ ಖರ್ಚನ್ನು ಕೊಟ್ಟಿತು. ಅಧ್ಯಕ್ಷ ಟ್ರೂಮನ್ ಅವರು ನೇಮಿಸಿದ ಆಯೋಗವು ಜಾರ್ಜ್ ಜೂಕ್ ಅವರ ನೇತೃತ್ವದಲ್ಲಿ ೧೯೪೭ರಲ್ಲಿ ವರದಿಯನ್ನಿತ್ತು, ಊರೂರಿಗೂ ಹತ್ತಿರವಾದ, ಶುಲ್ಕವಿಲ್ಲದ ಕಮ್ಯೂನಿಟಿ ಕಾಲೇಜುಗಳ ಜಾಲವನ್ನು ಸೂಚಿಸಿತು. ೧೯೬೦ರಲ್ಲಿ ಕ್ಯಾಲಿಫೋರ್ನಿಯವು ತನ್ನ ಉಚ್ಚಶಿಕ್ಷಣಕ್ಕೆಲ್ಲ ಒಂದು ಮಹಾಯೋಜನೆಯನ್ನು ಅಂಗೀಕರಿಸಿತು. ಕ್ಲಾರ್ಕ್ ಕರ್ ಅವರ ಹೆಸರು ಇದರೊಡನೆ ಸೇರಿಕೊಂಡಿದೆ. ಪ್ರೌಢಶಾಲೆಯಿಂದ ಹೊರಬರುವವರಲ್ಲಿ ಅತ್ಯುತ್ತಮರಾದ ಎಂಟರಲ್ಲೊಂದು ಪಾಲು ರಾಜ್ಯ ವಿಶ್ವವಿದ್ಯಾನಿಲಯಕ್ಕೆ, ಮೂರರಲ್ಲೊಂದು ಪಾಲು ರಾಜ್ಯ ಕಾಲೇಜುಗಳಿಗೆ ಅರ್ಹರು. ಕಿರಿಯ ಕಾಲೇಜು ಎಲ್ಲರಿಗೂ ತೆರೆದದ್ದು. ಮೇಲಿನ ಬಾಗಿಲುಗಳು ಹಿಂದಿಗಿಂತ ಕಿರಿದಾದವು. ಅದಕ್ಕೆ ಪ್ರತಿಯಾಗಿ, ಕಿರಿಯ ಕಾಲೇಜಿನಲ್ಲಿ ಚೆನ್ನಾಗಿ ಓದಿದವನಿಗೆ ಮೂರನೆಯ ವರ್ಷದಲ್ಲಿ ಸ್ಥಳವಿರಬೇಕೆಂದು, ವಿಶ್ವವಿದ್ಯಾನಿಲಯಗಳಲ್ಲಿ ಮೇಲಿನ ಎರಡು ವರ್ಷದವರೂ ಕೆಳಗಿನವರೂ ೬೦ಕ್ಕೆ ೪೦ರ ಪ್ರಮಾಣದಲ್ಲಿರಬೇಕೆಂದು ಗೊತ್ತುಮಾಡಿದರು. ಇದೊಂದು ಒಪ್ಪಂದ. ಈಗ ನಿನ್ನನ್ನು ಸೇರಿಸುವುದಿಲ್ಲ, ಎರಡು ವರ್ಷದ ಮೇಲೆ ಬಾ ಎಂದು ರಾಜ್ಯವು ತನ್ನ ಮಕ್ಕಳಿಗೆ ಕೊಟ್ಟ ಮಾತು. ಅಂದು ಶುಲ್ಕವೂ ಇರಲಿಲ್ಲ. ಆ ರಾಜ್ಯದ ಕಮ್ಯೂನಿಟಿ ಕಾಲೇಜುಗಳಲ್ಲಿ ಸಾರ್ವತ್ರಿಕವಾದ ಶುಲ್ಕ ಬಂದುದು ೧೯೮೪ರಲ್ಲಿ.

ಆ ಮಾತು ನಡೆಯಿತೇ? ವಿಚಿತ್ರವೆಂದರೆ, ಮಹಾಯೋಜನೆ ಅಂಗೀಕೃತವಾದ ೧೯೬೦ರಲ್ಲಿಯೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ಇದಕ್ಕೆ ಉತ್ತರವೆನ್ನಬಹುದಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ನಗರದ ಕಿರಿಯ ಕಾಲೇಜನ್ನು ಅವರು ಹತ್ತಿರದಿಂದ ನೋಡಿದ್ದರು. ಕಿರಿಯ ಕಾಲೇಜಿಗೆ ಬರುವವರಲ್ಲಿ ಮೂರರಲ್ಲಿ ಎರಡು ಪಾಲಿನವರು ವಿಶ್ವವಿದ್ಯಾನಿಲಯಕ್ಕೆ ಹೋಗುವೆವೆನ್ನುತ್ತಾರೆ; ವಾಸ್ತವವಾಗಿ ಹೋಗುವವರು ಒಂದು ಪಾಲು. ಉಳಿದ ಒಂದು ಪಾಲಿನವರ ಗತಿ ಏನಾಗುತ್ತದೆ? ಅವರನ್ನು ಯಾರೂ ನಪಾಸು ಮಾಡಿ ಹೊರಹಾಕುವುದಿಲ್ಲ. ಪ್ರವೇಶದ ಪರೀಕ್ಷೆಯ ಅಂಕಗಳನ್ನು ತೋರಿಸಿ, ಸಲಹೆಗಾರರು ಮೃದುವಾಗಿ ಮಾತನಾಡಿ, ನಿನಗೆ ಒಪ್ಪುವ ಇನ್ನೊಂದು ದಾರಿಯಿದೆಯಲ್ಲ ಎಂದು ಮೆಲ್ಲಮೆಲ್ಲನೆ ತಿರುಗಿಸುತ್ತಾರೆ. ಕೊನೆಗೆ ವಿದ್ಯಾರ್ಥಿಯು ತನ್ನ ಆಸೆಯನ್ನು ತಾನೇ ಬಿಟ್ಟೆನೆಂದು ತಿಳಿಯುತ್ತಾನೆ. ಇದನ್ನು ಕ್ಲಾರ್ಕ್ ಅವರು ತಣ್ಣಗಾಗಿಸುವ ಕಾರ್ಯವೆಂದು ಕರೆದರು. ಈ ಮಾತನ್ನು ಅವರು ತೆಗೆದುಕೊಂಡುದು ಎರ್ವಿಂಗ್ ಗಾಫ್‌ಮನ್ ಅವರ ೧೯೫೨ರ ಲೇಖನದಿಂದ. ಅಲ್ಲಿ ಅದು ಮೋಸಗಾರರು ತಾವು ಮೋಸಗೊಳಿಸಿದವನನ್ನು ಗಲಾಟೆಮಾಡದಂತೆ ಸಮಾಧಾನಪಡಿಸುವುದಕ್ಕೆ ಹೇಳಿದ್ದು. ಹೋಲಿಕೆಯು ಕಟುವಾದುದು. ಸಲಹೆಗಾರರೆಲ್ಲ ವಂಚಕರೆಂಬ ಅರ್ಥ ಇದರಲ್ಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಸಾರಿ, ಒಳಗೆ ಸ್ಥಳ ಕೆಲವರಿಗೆ ಮಾತ್ರ ಇಟ್ಟ ಸಮಾಜದಲ್ಲಿ ಈ ಕೆಲಸವನ್ನು ಯಾರಾದರೂ ಮಾಡಲೇಬೇಕಾಗುತ್ತದೆ ಎಂಬುದು ಅವರ ತಾತ್ಪರ್ಯ. ಹಾರ್ಪರ್ ಅವರ ಅವಮಾನವಿಲ್ಲದೆ ನಿಲ್ಲುವ ವ್ಯವಸ್ಥೆಯು ಅರವತ್ತು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿದ್ದಿತು.

ದಾಟಿದವರ ಸ್ಥಿತಿಯನ್ನು ಕುರಿತು ಡೊರೊತಿ ನೋಯಲ್ ಮತ್ತು ಲೆಲಂಡ್ ಮೆಡ್ಸ್‌ಕರ್ ಅವರು ಹತ್ತು ರಾಜ್ಯಗಳಲ್ಲಿ ನಡೆಸಿದ ಅಧ್ಯಯನವು ೧೯೬೫ರಲ್ಲಿ ಹೊರಬಂದಿತು. ಏಳು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಹೊಸ ಸ್ಥಳದ ಮೊದಲ ಅವಧಿಯಲ್ಲಿ ಅಂಕಗಳು ಇಳಿಯುತ್ತವೆ. ತಾಳಿಕೊಂಡವರದು ಮತ್ತೆ ಏರುತ್ತದೆ. ಆದುದರಿಂದ ಕಿರಿಯ ಕಾಲೇಜಿನ ಬೋಧನೆ ಕೀಳೆಂದು ಹೇಳಲು ಆಧಾರವಿರಲಿಲ್ಲ.

ಫ್ಲಾರಿಡ ರಾಜ್ಯದ ಒಂದು ಪ್ರಕರಣವನ್ನು ಇಲ್ಲಿ ಬಿಡಲಾಗದು. ವರ್ಣಭೇದವು ಕಾನೂನಾಗಿದ್ದ ಕಾಲದಲ್ಲಿ ಅಲ್ಲಿ ಕಪ್ಪು ಜನಾಂಗದವರಿಗಾಗಿ ಪ್ರತ್ಯೇಕವಾದ ಹನ್ನೆರಡು ಕಿರಿಯ ಕಾಲೇಜುಗಳು ಏರ್ಪಟ್ಟವು. ಅವುಗಳಲ್ಲಿ ಮೊದಲನೆಯದು ಪೆನ್ಸಕೋಲದಲ್ಲಿ ೧೯೪೯ರಲ್ಲಿ ಆರಂಭವಾದ ಬುಕರ್ ಟಿ. ವಾಷಿಂಗ್ಟನ್ ಕಾಲೇಜು. ಆದರೆ ಫ್ಲಾರಿಡ ವಿಶ್ವವಿದ್ಯಾನಿಲಯವು ೧೯೫೮ರವರೆಗೆ ಕಪ್ಪು ಜನಾಂಗದ ಒಬ್ಬನನ್ನೂ ಸೇರಿಸಿಕೊಂಡಿರಲಿಲ್ಲ. ಆಗಲೂ ಸೇರಿಸಿಕೊಂಡುದು ನ್ಯಾಯಶಾಸ್ತ್ರದ ಶಾಲೆಗೆ. ಎರಡು ವರ್ಷದ ಓದು ಕ್ರಮಬದ್ಧ, ಪದವಿ ಕ್ರಮಬದ್ಧ, ಕ್ರೆಡಿಟ್ಟುಗಳೂ ಕ್ರಮಬದ್ಧ—ಆ ಕಡೆಯ ಬಾಗಿಲು ಮಾತ್ರ ಮುಚ್ಚಿದ್ದಿತು. ವರ್ಣಭೇದ ನಿಂತಾಗ, ೧೯೬೭ರ ವೇಳೆಗೆ, ಈ ಹನ್ನೆರಡು ಕಾಲೇಜುಗಳೂ ಮುಚ್ಚಿದವು, ಇಲ್ಲವೆ ಬಿಳಿಯರ ಕಾಲೇಜುಗಳಲ್ಲಿ ಲೀನವಾದವು. ಇದೇ ರಾಜ್ಯವು ನಾಲ್ಕು ವರ್ಷಗಳ ತರುವಾಯ, ೧೯೭೧ರಲ್ಲಿ, ತನ್ನ ಕಮ್ಯೂನಿಟಿ ಕಾಲೇಜುಗಳ ಅಸೋಸಿಯೇಟ್ ಪದವೀಧರರಿಗೆ ರಾಜ್ಯದ ವಿಶ್ವವಿದ್ಯಾನಿಲಯಗಳ ವ್ಯವಸ್ಥೆಯಲ್ಲಿ ಮೂರನೆಯ ವರ್ಷದ ಪ್ರವೇಶವನ್ನು ಖಚಿತಪಡಿಸುವ ಒಪ್ಪಂದವನ್ನು ಜಾರಿಗೆ ತಂದು, ಎಲ್ಲ ಸಂಸ್ಥೆಗಳ ಪಾಠಗಳಿಗೂ ಒಂದೇ ಸಂಖ್ಯಾಕ್ರಮವನ್ನು ಏರ್ಪಡಿಸತೊಡಗಿತು. ಪಾಠದ ಸಂಖ್ಯೆ ಒಂದೇ ಆದರೆ ಅದನ್ನು ತಳ್ಳಿಹಾಕುವಂತಿಲ್ಲ. ಮದರಾಸು ವಿಶ್ವವಿದ್ಯಾನಿಲಯವು ಪರೀಕ್ಷೆಯಿಂದ ಸಾಧಿಸಿದುದನ್ನು ಫ್ಲಾರಿಡವು ಅಂಕೆಗಳಿಂದ ಸಾಧಿಸಲು ಹೊರಟಿತೆನ್ನಬಹುದು.

ಕ್ಯಾಲಿಫೋರ್ನಿಯವು ಇಂಥ ಶಾಸನಕ್ಕೆ ಬಂದುದು ಬಹಳ ತಡವಾಗಿ. ೨೦೧೦ರ ಕಾಯಿದೆಯಂತೆ ಅಲ್ಲಿ ದಾಟುವುದಕ್ಕೆಂದೇ ೬೦ ಕ್ರೆಡಿಟ್ಟುಗಳ ವಿಶೇಷ ಅಸೋಸಿಯೇಟ್ ಪದವಿಯೊಂದು ಏರ್ಪಟ್ಟಿತು. ಅದನ್ನು ಪಡೆದವನಿಗೆ ರಾಜ್ಯ ಕಾಲೇಜುಗಳಿಂದ ಬೆಳೆದ ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸ್ಥಳ ಖಂಡಿತ. ಅಲ್ಲಿ ಇನ್ನು ೬೦ ಕ್ರೆಡಿಟ್ಟುಗಳಿಗಿಂತ ಹೆಚ್ಚು ಕೇಳುವಂತಿಲ್ಲ. ಬರ್ಕ್ಲಿಯನ್ನೊಳಗೊಂಡ ಹಿರಿಯ ವಿಶ್ವವಿದ್ಯಾನಿಲಯವು ಮಾತ್ರ ಆ ಕಾಯಿದೆಯ ಕಟ್ಟಿಗೆ ಒಳಪಡಲಿಲ್ಲ. ದೇಶದ ಒಟ್ಟು ಸ್ಥಿತಿಯನ್ನು ಹೇಳುವುದಾದರೆ, ಕಾಲೇಜಿನಿಂದ ಕಾಲೇಜಿಗೆ ದಾಟಿದ ವಿದ್ಯಾರ್ಥಿಗಳು ಸರಾಸರಿ ತಮ್ಮ ಕ್ರೆಡಿಟ್ಟುಗಳಲ್ಲಿ ನೂರಕ್ಕೆ ೪೩ನ್ನು ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ಲೆಕ್ಕಪರಿಶೋಧನ ಕಚೇರಿಯು ೨೦೧೭ರಲ್ಲಿ ಅಂದಾಜುಮಾಡಿತು. ಈ ಅಂದಾಜಿನಲ್ಲಿ ಎಲ್ಲ ಬಗೆಯ ಕಾಲೇಜುಗಳಿಂದ ದಾಟಿದವರೂ ಸೇರಿದ್ದಾರೆ. ಕಮ್ಯೂನಿಟಿ ಕಾಲೇಜಿಗೆ ಸೇರಿದವರಲ್ಲಿ ಆರು ವರ್ಷಗಳೊಳಗೆ ನಾಲ್ಕು ವರ್ಷದ ಪದವಿಯನ್ನು ಮುಟ್ಟಿದವರು ನೂರಕ್ಕೆ ಸುಮಾರು ೧೬ ಮಾತ್ರವೆಂದು ೨೦೨೪ರಲ್ಲಿ ಪ್ರಕಟವಾದ ಗಣನೆಯಿಂದ ತಿಳಿಯುತ್ತದೆ.

ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಇತಿಹಾಸವನ್ನು ದೂರದ ದೇಶದ ಕಥೆಯೆಂದು ಓದಲು ಈಗ ಸಾಧ್ಯವಿಲ್ಲ. ಇಂಟರ್‌ಮೀಡಿಯೆಟ್ ಹೋಗಿ, ಪಿ.ಯು.ಸಿ. ಬಂದು, ಎರಡು ವರ್ಷದ ಓದು ನಮ್ಮಲ್ಲಿ ವಿಶ್ವವಿದ್ಯಾನಿಲಯದಿಂದ ಬೇರೆಯೇ ಆಯಿತು. ಆದರೆ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪದವಿಯ ಮಧ್ಯದಲ್ಲಿ, ಎರಡು ವರ್ಷ ಮುಗಿಸಿದವನು ಡಿಪ್ಲೊಮಾ ಪಡೆದು ಹೊರಹೋಗಿ ಮತ್ತೆ ಬರುವ ದಾರಿಯನ್ನು ಸೂಚಿಸಿತು. ಕರ್ನಾಟಕವು ೨೦೨೧ರಲ್ಲಿ ಈ ಕ್ರಮವನ್ನು ಇತರ ರಾಜ್ಯಗಳಿಗಿಂತ ಮೊದಲೇ ಕೈಗೊಂಡು, ೨೦೨೪ರಲ್ಲಿ ಮೂರು ವರ್ಷದ ಪದವಿಗೆ ಹಿಂದಿರುಗಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೧ರಲ್ಲಿ ಏರ್ಪಡಿಸಿದ ಕ್ರೆಡಿಟ್ ಬ್ಯಾಂಕಿನ ನಿಯಮಗಳಂತೆ ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್ಟುಗಳು ಸಾಮಾನ್ಯವಾಗಿ ಏಳು ವರ್ಷಗಳವರೆಗೆ ಅವನ ಖಾತೆಯಲ್ಲಿ ಉಳಿಯುತ್ತವೆ. ಆ ಏಳು ವರ್ಷಗಳೊಳಗೆ ಹಿಂದಿರುಗಿ ಬಂದವನಿಗೆ ಮೂರನೆಯ ವರ್ಷದ ತರಗತಿಯಲ್ಲಿ ಎಷ್ಟು ಪೀಠಗಳನ್ನು ಕಾದಿರಿಸಬೇಕು, ಹಿಂದಿನ ಕಾಲೇಜಿನ ಯಾವ ಪಾಠವನ್ನು ಯಾವುದಕ್ಕೆ ಸಮಾನವೆಂದು ಎಣಿಸಬೇಕು ಎಂಬ ಪ್ರಶ್ನೆಗಳು ನಮ್ಮ ವಿಭಾಗಗಳ ಪಠ್ಯಕ್ರಮ ಮಂಡಲಿಗಳ ಮುಂದೆ ಬರತಕ್ಕವು. ಜೋಲಿಯೆಟ್ಟಿನಲ್ಲಿ ಬ್ರೌನ್ ಅವರಿಗೂ ಷಿಕಾಗೋದಲ್ಲಿ ಹಾರ್ಪರ್ ಅವರಿಗೂ ಸ್ನೇಹದಿಂದ ತೀರಿಹೋದ ಪ್ರಶ್ನೆಗಳು ಇವೇ.